ಎಸ್‌ಎಸ್‌ಡಿ ಹಾಕಿಸಿದ್ರೂ ಲ್ಯಾಪ್‌ಟಾಪ್ ಸ್ಲೋನಾ? ಮೊದಲು ಯಾವ ಡಿಸ್ಕ್ ಓಡ್ತಿದೆ ನೋಡಿ

(ಪಾಡ್‌ಕಾಸ್ಟ್‌ನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಮೂಡಲಪಾಳ್ಯದ ಮನೆಯಿಂದಲೇ ರೆಕಾರ್ಡ್ ಮಾಡ್ತಿದ್ದೀನಿ. ಹಿಂದೆ ಕುಕ್ಕರ್ ಕೂಗಿದ್ರೆ ಸಹಿಸ್ಕೊಳ್ಳಿ.

ಈ ಸಲ ಫೋನ್ ವಿಷಯ ಅಲ್ಲ, ಲ್ಯಾಪ್‌ಟಾಪ್ ವಿಷಯ. ನೀವು ಇದನ್ನ ಕೇಳ್ತಿರೋದು ಫೋನಲ್ಲೇ ಅಂತ ಗೊತ್ತು. ಆದ್ರೆ ಹೆಚ್ಚುಕಮ್ಮಿ ಎಲ್ಲರ ಮನೇಲೂ ಒಂದು ಹಳೇ ಲ್ಯಾಪ್‌ಟಾಪ್ ಇರುತ್ತೆ. ಅಣ್ಣ ಇಂಜಿನಿಯರಿಂಗ್ ಸೇರಿದಾಗ ತಗೊಂಡಿದ್ದು, ಆಮೇಲೆ ತಂಗಿ ಆನ್‌ಲೈನ್ ಕ್ಲಾಸಿಗೆ ಬಳಸಿದ್ದು, ಈಗ ಅಪ್ಪ ಅಂಗಡಿ ಲೆಕ್ಕ ಬರೆಯೋದು. ಆನ್ ಮಾಡಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದ್ರೂ ಸ್ಕ್ರೀನ್ ಮೇಲೆ ಆ ಚುಕ್ಕಿಗಳು ಸುತ್ತುತ್ತಾನೇ ಇರ್ತವೆ. ಯಾರನ್ನ ಕೇಳಿದ್ರೂ ಒಂದೇ ಮಾತು: "ಎಸ್‌ಎಸ್‌ಡಿ ಹಾಕಿಸಿಬಿಡಿ, ರಾಕೆಟ್ ಆಗುತ್ತೆ."

ಹಾಕಿಸ್ತೀವಿ. ಹಳೇ ಡಿಸ್ಕ್‌ನಲ್ಲಿ ಇದ್ದದ್ದನ್ನೆಲ್ಲ ಕ್ಲೋನ್ ಮಾಡಿಸ್ತೀವಿ. ಮನೆಗೆ ತಂದು ಆನ್ ಮಾಡಿದ್ರೆ ಮತ್ತೆ ಅದೇ ಚುಕ್ಕಿಗಳು. ಈ ಎಪಿಸೋಡ್ ಅದರ ಬಗ್ಗೆ. ಸ್ಪೀಡ್ ಒಂದೇ ಆಗಿದ್ರೆ ಇಷ್ಟೊತ್ತು ಮಾತಾಡ್ತಿರಲಿಲ್ಲ. ಕ್ಲೋನ್ ಆದ ಮೇಲೂ ಲ್ಯಾಪ್‌ಟಾಪ್ ತೆವಳ್ತಿದೆ ಅಂದ್ರೆ ಕೆಲವೊಮ್ಮೆ ನಿಮ್ಮ ಫೈಲುಗಳೇ ಅಪಾಯದಲ್ಲಿವೆ ಅಂತ ಅರ್ಥ. ಅದು ಹೇಗೆ ಅಂತ ಹೇಳ್ತೀನಿ.

ಮೊದಲು ಕ್ಲೋನ್ ಅಂದ್ರೇನು? ಫೈಲ್ ಕಾಪಿ ಮಾಡೋದಲ್ಲ. ವಿಂಡೋಸ್, ಸಾಫ್ಟ್‌ವೇರ್, ಪಾಸ್‌ವರ್ಡ್, ವಾಲ್‌ಪೇಪರ್, ಡಿಸ್ಕ್‌ನ ಭಾಗಗಳು, ಕಂಪ್ಯೂಟರ್ ಎದ್ದೇಳೋಕೆ ಬೇಕಾದ ಬೂಟ್ ಮಾಹಿತಿ, ಎಲ್ಲವನ್ನೂ ಇದ್ದ ಹಾಗೇ ಇನ್ನೊಂದು ಡಿಸ್ಕ್‌ಗೆ ಇಳಿಸೋದು. ನಾನು ಬಿಕಾಂ ಓದಿದವನು, ನನಗೆ ಹೊಳೆಯೋ ಹೋಲಿಕೆ ಇದು: ಮಾರ್ಚ್ 31ರ ಕ್ಲೋಸಿಂಗ್ ಬ್ಯಾಲೆನ್ಸನ್ನ ಏಪ್ರಿಲ್ 1ಕ್ಕೆ ಓಪನಿಂಗ್ ಬ್ಯಾಲೆನ್ಸ್ ಅಂತ ತರ್ತೀವಲ್ಲ, ಹಾಗೆ. ಪುಸ್ತಕ ಹೊಸದು, ಹಾಳೆ ಬಿಳಿ. ಆದ್ರೆ ವಸೂಲಾಗದ ಸಾಲವೂ ಅದರ ಜೊತೆಗೇ ಬಂದಿರುತ್ತೆ.

ಅದಕ್ಕೇ ಕೆಲವರು "ಕ್ಲೋನ್ ಬೇಡ, ಫ್ರೆಶ್ ಆಗಿ ವಿಂಡೋಸ್ ಹಾಕು" ಅಂತಾರೆ. ಸ್ಟೂಡೆಂಟ್ ಆಗಿದ್ರೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಲೆಕ್ಕ ಬರೆಯೋರಿಗೆ ಅದು ಅಷ್ಟು ಸುಲಭ ಅಲ್ಲ. ಟ್ಯಾಲಿ ಇರುತ್ತೆ. (ಅಂದಹಾಗೆ ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದ್ದೇ, 1986ರಲ್ಲಿ ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಶುರುವಾಗಿದ್ದು.) ಅದರ ಲೈಸೆನ್ಸ್ ಆ ಕಂಪ್ಯೂಟರಿಗೆ ಕಟ್ಟಿರುತ್ತೆ. ಡಿಜಿಟಲ್ ಸಿಗ್ನೇಚರ್ ಟೋಕನ್ನಿನ ಡ್ರೈವರ್ ಇರುತ್ತೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿ ಹಾಕೋಕೆ ಎಮ್‌ಸೈನರ್ ಇರುತ್ತೆ, ಅದೂ ಬೆಂಗಳೂರಿನ ಇಮುದ್ರಾ ಕಂಪನಿಯದ್ದು. ಇದೆಲ್ಲ ಒಂದು ಸಲ ಸರಿಯಾಗಿ ಕೂತ ಮೇಲೆ ಅಲ್ಲಾಡಿಸೋಕೆ ಯಾರಿಗೂ ಧೈರ್ಯ ಇರಲ್ಲ. ಹಾಗಾಗಿ ಕ್ಲೋನ್.

ಎಸ್‌ಎಸ್‌ಡಿ ಯಾಕೆ ಫಾಸ್ಟ್ ಅನ್ನೋದನ್ನ ಎರಡು ನಿಮಿಷದಲ್ಲಿ ಹೇಳ್ತೀನಿ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಒಳಗೆ ಒಂದು ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಲೆಕ್ಕ ಹಾಕಿ: ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ಅದಕ್ಕೂ ಸುಮಾರು ಅಷ್ಟೇ ಹೊತ್ತು. ಎಲ್ಲ ಸೇರಿ ಒಂದು ಸಣ್ಣ ಫೈಲ್ ಚೂರಿಗೆ 15 ಮಿಲಿಸೆಕೆಂಡ್ ಅಂದ್ಕೊಳ್ಳಿ. ಸೆಕೆಂಡಿಗೆ 60-70 ಚೂರು ಅಷ್ಟೇ. ವಿಂಡೋಸ್ ಎದ್ದೇಳುವಾಗ ಕೇಳೋದು ಸಾವಿರಾರು ಚೂರುಗಳನ್ನ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಬರೀ ಚಿಪ್. ಅಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ.

ಹಾಗಾಗಿ ಸುಮಾರಾದ ಎಸ್‌ಎಸ್‌ಡಿ ಹಾಕಿದ್ರೂ ವ್ಯತ್ಯಾಸ ಕಣ್ಣಿಗೆ ಹೊಡೀಬೇಕು. "ಸ್ವಲ್ಪ ಫಾಸ್ಟ್ ಆಯ್ತು ಅನ್ಸುತ್ತೆ, ಗೊತ್ತಿಲ್ಲ" ಅನ್ನೋ ಥರ ಇದ್ರೆ ಎಲ್ಲೋ ಏನೋ ತಪ್ಪಿದೆ.

ಈಗ ಕಥೆಗೆ ಬರ್ತೀನಿ. ನಮ್ಮ ಏರಿಯಾದಲ್ಲಿ ಒಬ್ಬರು ಅಕ್ಕ ಇದ್ದಾರೆ. ಮನೆಯಿಂದಲೇ ಅಕೌಂಟ್ಸ್ ಬರೀತಾರೆ, ಜಿಎಸ್‌ಟಿ ರಿಟರ್ನ್ ಹಾಕಿಕೊಡ್ತಾರೆ. ಗಿರಾಕಿಗಳು ದೊಡ್ಡವರೇನಲ್ಲ: ಕಾಮಾಕ್ಷಿಪಾಳ್ಯದ ಒಂದೆರಡು ಲೇತ್ ವರ್ಕ್‌ಶಾಪ್, ಪೌಡರ್ ಕೋಟಿಂಗ್ ಮಾಡೋರು, ವಿಜಯನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ, ಹೀಗೆ. ಅವರ ಲ್ಯಾಪ್‌ಟಾಪ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇತ್ತು, ಜೊತೆಗೆ ಎಂ ಡಾಟ್ 2 ಅನ್ನೋ ಸಣ್ಣ ಸ್ಲಾಟ್ ಖಾಲಿ ಇತ್ತು. ತಿಂಗಳ 5ನೇ ತಾರೀಕು ಒಂದು ಅಂಗಡೀಲಿ ಆ ಸ್ಲಾಟಿಗೆ 512 ಜಿಬಿ ಎಸ್‌ಎಸ್‌ಡಿ ಹಾಕಿಸಿದ್ರು. ಅಂಗಡಿಯವರು ಕ್ಲೋನ್ ಮಾಡಿ, "ಹಳೇದು ಒಳಗೇ ಇರಲಿ ಮೇಡಂ, ಆಮೇಲೆ ಫಾರ್ಮ್ಯಾಟ್ ಮಾಡಿ ಸ್ಟೋರೇಜಿಗೆ ಇಟ್ಕೊಳ್ಳಿ" ಅಂದು ಕೊಟ್ಟು ಕಳಿಸಿದ್ರು.

9ನೇ ತಾರೀಕು ಅಕ್ಕ ಫೋನ್ ಮಾಡಿದ್ರು. "ನೋಡಪ್ಪ, ದುಡ್ಡು ಕೊಟ್ಟಿದ್ದೇ ಬಂತು, ಟ್ಯಾಲಿ ಓಪನ್ ಆಗೋಕೆ ಮೊದಲಿನಷ್ಟೇ ಹೊತ್ತು. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿದ್ರೆ ಸ್ಪೀಡ್ ಆಗುತ್ತಾ?"

ಜಿಎಸ್‌ಟಿ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ತಿಂಗಳು ರಿಟರ್ನ್ ಹಾಕೋರಿಗೆ 11ನೇ ತಾರೀಕು ಜಿಎಸ್‌ಟಿಆರ್-1ಕ್ಕೆ ಕೊನೇ ದಿನ, ಅಂದ್ರೆ ಯಾರಿಗೆ ಏನು ಮಾರಿದ್ವಿ ಅನ್ನೋ ಪಟ್ಟಿ. 14ಕ್ಕೆ ಜಿಎಸ್‌ಟಿಆರ್-2ಬಿ ತಯಾರಾಗುತ್ತೆ, ಮಾಲು ಕೊಂಡವರು ತಮ್ಮ ಟ್ಯಾಕ್ಸ್ ಕ್ರೆಡಿಟ್ ನೋಡೋದು ಅದರಲ್ಲಿ. 20ಕ್ಕೆ ಜಿಎಸ್‌ಟಿಆರ್-3ಬಿ, ಟ್ಯಾಕ್ಸ್ ಕಟ್ಟೋದು. 3ಬಿ ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಜೊತೆಗೆ ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಆದ್ರೆ ಸಣ್ಣ ವರ್ಕ್‌ಶಾಪಿಗೆ ನಿಜವಾದ ಹೊಡೆತ ಬೀಳೋದು 11ನೇ ತಾರೀಕು ತಪ್ಪಿದಾಗ. ಅವರ ಹತ್ರ ಪಾರ್ಟ್ಸ್ ಮಾಡಿಸ್ಕೊಂಡ ಪೀಣ್ಯದ ಕಂಪನಿಯವರು ಪೋರ್ಟಲ್ ನೋಡ್ತಾರೆ. "ನಿಮ್ಮ ಬಿಲ್ಲು 2ಬಿಯಲ್ಲಿ ಕಾಣ್ತಿಲ್ಲ, ಬರಲಿ, ಆಮೇಲೆ ಪೇಮೆಂಟ್" ಅಂದುಬಿಡ್ತಾರೆ. ಲೇತ್ ಓಡಿಸೋ ಹುಡುಗರ ಸಂಬಳ ಅಲ್ಲಿ ನಿಲ್ಲುತ್ತೆ.

ಸರಿ, ಎರಡೇ ದಿನ ಇದೆ. ನಾನು ಹೇಳಿದ್ದು: "ಅಕ್ಕ, ಏನೂ ಫಾರ್ಮ್ಯಾಟ್ ಮಾಡ್ಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ."

ಇದನ್ನ ನೀವೂ ಮಾಡಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಪರ್ಫಾರ್ಮೆನ್ಸ್ ಅನ್ನೋದನ್ನ ಒತ್ತಿದ್ರೆ ಎಡಗಡೆ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಸಾಲಾಗಿ ಇರುತ್ತೆ. ಡಿಸ್ಕ್ ಪಕ್ಕ ಬ್ರಾಕೆಟ್ಟಿನಲ್ಲಿ ಸಿ ಅಂತ ಇರೋದನ್ನ ಹುಡುಕಿ. ನೀವು ಈಗ ಕೆಲಸ ಮಾಡ್ತಿರೋ ವಿಂಡೋಸ್ ಇರೋದು ಅದರ ಮೇಲೆ. ವಿಂಡೋಸ್ 10ರ ಕೊನೆಯ ಕೆಲವು ವರ್ಷನ್‌ಗಳಲ್ಲಿ ಮತ್ತು ವಿಂಡೋಸ್ 11ರಲ್ಲಿ ಅದರ ಕೆಳಗೇ ಎಸ್‌ಎಸ್‌ಡಿ ಅಥವಾ ಎಚ್‌ಡಿಡಿ ಅಂತ ಬರೆದಿರುತ್ತೆ. ಕ್ಲಿಕ್ ಮಾಡಿದ್ರೆ ಬಲಗಡೆ ಮೇಲೆ ಡಿಸ್ಕ್‌ನ ಮಾಡೆಲ್ ನಂಬರ್.

ಅಕ್ಕ ಓದಿ ಹೇಳಿದ್ರು: "ಎಚ್‌ಡಿಡಿ."

ಅಂದ್ರೆ ನಾಲ್ಕು ದಿನದಿಂದ ಲ್ಯಾಪ್‌ಟಾಪ್ ಹಳೇ ಹಾರ್ಡ್ ಡಿಸ್ಕ್‌ನಿಂದಲೇ ಎದ್ದೇಳ್ತಿದೆ. ಹೊಸ ಎಸ್‌ಎಸ್‌ಡಿ ಒಳಗಡೆ ಸುಮ್ನೆ ಕೂತಿದೆ. ಕ್ಲೋನ್ ಸರಿಯಾಗೇ ಆಗಿತ್ತು. ಆದ್ರೆ ಮುಂದೆ ಯಾವುದರಿಂದ ಎದ್ದೇಳಬೇಕು ಅಂತ ಬಯಾಸ್‌ಗೆ ಯಾರೂ ಹೇಳಿರಲಿಲ್ಲ.

ಸ್ಪೀಡ್ ಪ್ರಶ್ನೆಗೆ ಉತ್ತರ ಇಷ್ಟೇ. ಆದ್ರೆ ನನಗೆ ಬೆವರು ಬಂದಿದ್ದು ಇನ್ನೊಂದು ಕಾರಣಕ್ಕೆ. ಕ್ಲೋನ್ ಆದ ಕ್ಷಣಕ್ಕೆ ಎರಡು ಡಿಸ್ಕ್‌ನಲ್ಲೂ ಒಂದೇ ಲೆಕ್ಕ. 5ನೇ ತಾರೀಕಿಂದ 9ರವರೆಗೆ ಅಕ್ಕ ಎಂಟ್ರಿ ಮಾಡಿದ್ದೆಲ್ಲ ಹಳೇದರಲ್ಲಿ. ಹೊಸದರಲ್ಲಿ ಗಡಿಯಾರ 5ನೇ ತಾರೀಕಿಗೇ ನಿಂತಿದೆ. ಈಗ ಯಾರೋ ಬಂದು ಬೂಟ್ ಆರ್ಡರ್ ಬದಲಾಯಿಸ್ತಾರೆ ಅಂದ್ಕೊಳ್ಳಿ. ಲ್ಯಾಪ್‌ಟಾಪ್ ರಾಕೆಟ್ ಆಗುತ್ತೆ, ಎಲ್ಲರಿಗೂ ಖುಷಿ. ಆ ಖುಷೀಲಿ "ಹಳೇದನ್ನ ಕ್ಲೋನ್ ಮಾಡಿದೀವಲ್ಲ" ಅಂತ ಫಾರ್ಮ್ಯಾಟ್ ಮಾಡಿಬಿಡ್ತಾರೆ. ನಾಲ್ಕು ದಿನದ ವೋಚರ್‌ಗಳು, ಗಿರಾಕಿಗಳು ವಾಟ್ಸಾಪಲ್ಲಿ ಕಳಿಸಿ ಡೌನ್‌ಲೋಡ್ ಮಾಡಿಟ್ಟ ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಿದ ಎಕ್ಸೆಲ್ ಶೀಟು, ಎಲ್ಲ ಹೋಯ್ತು. ಅದೂ 11ಕ್ಕೆ ಎರಡು ದಿನ ಇರುವಾಗ.

ಇನ್ನೂ ಒಂದು ಕೆಟ್ಟ ರೂಪ ಇದೆ. ಒಂದು ದಿನ ಹಳೇದರಿಂದ, ಇನ್ನೊಂದು ದಿನ ಹೊಸದರಿಂದ ಎದ್ದು, ಎಂಟ್ರಿಗಳು ಎರಡೂ ಕಡೆ ಹಂಚಿಹೋಗೋದು. ಒಂದೇ ಅಂಗಡಿಗೆ ಎರಡು ಡೇ ಬುಕ್, ಎರಡೂ ಅರ್ಧರ್ಧ. ಅದನ್ನ ಸೇರಿಸೋದು ಶುದ್ಧ ತಲೆನೋವು.

ಅಕ್ಕನದು ಅಷ್ಟು ದೂರ ಹೋಗಿರಲಿಲ್ಲ ಅಂತ ಹೇಗೆ ಗೊತ್ತಾಯ್ತು? ಅವರ ಮನೆಗೇ ಹೋದೆ. ವಿಂಡೋಸ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ಸಿಗುತ್ತೆ. ಅಲ್ಲಿ ಹೊಸ ಡಿಸ್ಕ್ ಪಕ್ಕ ಆಫ್‌ಲೈನ್ ಅಂತ ತೋರಿಸ್ತಿತ್ತು. ಇದಕ್ಕೊಂದು ಕಾರಣ ಇದೆ. ಪ್ರತಿ ಡಿಸ್ಕ್‌ಗೂ ಒಂದು ಗುರುತಿನ ನಂಬರ್ ಇರುತ್ತೆ. ಅಕ್ಷರಶಃ ಕ್ಲೋನ್ ಮಾಡಿದಾಗ ಆ ನಂಬರ್ರೂ ಕಾಪಿ ಆಗುತ್ತೆ. ಒಂದೇ ನಂಬರಿನ ಎರಡು ಡಿಸ್ಕ್ ಕಂಡ್ರೆ ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡಿ ಪಕ್ಕಕ್ಕಿಡುತ್ತೆ. ಹಾಗಾಗಿ ದಿಸ್ ಪಿಸಿಯಲ್ಲಿ ಅದು ಕಾಣ್ತಾನೇ ಇರಲಿಲ್ಲ. ಇಲ್ಲಿ ನಿಮ್ಮ ಕೈ ಸುಮ್ನಿರಲ್ಲ, ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಅಂತ ಒತ್ತೋಣ ಅನ್ಸುತ್ತೆ. ಬೇಡ. ಒತ್ತಿದ್ರೆ ವಿಂಡೋಸ್ ಆ ಡಿಸ್ಕ್‌ಗೆ ಹೊಸ ಗುರುತಿನ ನಂಬರ್ ಬರೆಯುತ್ತೆ. ಕ್ಲೋನ್ ಒಳಗಿನ ಬೂಟ್ ಮಾಹಿತಿ ಇನ್ನೂ ಹಳೇ ನಂಬರನ್ನೇ ಹುಡುಕ್ತಿರುತ್ತೆ, ಆಮೇಲೆ ಅದರಿಂದ ಎದ್ದೇಳೋಕೆ ಹೋದ್ರೆ ನೀಲಿ ಸ್ಕ್ರೀನ್ ಬರೋ ಸಾಧ್ಯತೆ ಇದೆ.

ಮಾಡಿದ್ದು ಇಷ್ಟು. ಮೊದಲು ಟ್ಯಾಲಿಯಲ್ಲಿ ಆಲ್ಟ್ ಜೊತೆ ವೈ ಒತ್ತಿ ಬ್ಯಾಕಪ್, ಎಲ್ಲ ಕಂಪನಿಗಳದ್ದೂ, ಪೆನ್‌ಡ್ರೈವ್‌ಗೆ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಕೂಡ ಪೆನ್‌ಡ್ರೈವ್‌ಗೆ. ಇದು ಮುಗಿಯೋವರೆಗೂ ಬೇರೆ ಏನನ್ನೂ ಮುಟ್ಟಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ, ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಷನ್ ಬಿಡಿಸಿ, ಹಾರ್ಡ್ ಡಿಸ್ಕ್ ಕೇಬಲ್ ಕಿತ್ತು, ಬರೀ ಎಸ್‌ಎಸ್‌ಡಿಯಿಂದ ಆನ್ ಮಾಡಿದ್ವಿ. ಎದ್ದಿತು. ಟ್ಯಾಲಿ ತೆಗೆದ್ರೆ ಕೊನೇ ಎಂಟ್ರಿ 5ನೇ ತಾರೀಕಿನದು. ಅಂದ್ರೆ ಹೊಸ ಡಿಸ್ಕ್‌ನಲ್ಲಿ ಯಾರೂ ಏನೂ ಕೆಲಸ ಮಾಡಿಲ್ಲ, ಅದನ್ನ ಅಳಿಸಿದ್ರೆ ನಷ್ಟ ಇಲ್ಲ. ಹಾಗಾಗಿ ಹಾರ್ಡ್ ಡಿಸ್ಕ್ ಮತ್ತೆ ಸಿಕ್ಕಿಸಿ, ಅದರಿಂದಲೇ ಎದ್ದು, ಇನ್ನೊಮ್ಮೆ ಪೂರ್ತಿ ಕ್ಲೋನ್. ರಾತ್ರಿ ಊಟದ ಹೊತ್ತಿಗೆ ಹಾಕಿದ್ದು, ಚಾರ್ಜರ್ ಸಿಕ್ಕಿಸಿಯೇ. ಕರೆಂಟ್ ಹೋದ್ರೆ ಅನ್ನೋ ಭಯ ನಮ್ಮ ಕಡೆ ಯಾವಾಗಲೂ ಇದ್ದಿದ್ದೇ, ಹಾಗಾಗಿ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಅಂತ ಮೊದಲೇ ನೋಡ್ಕೊಂಡಿದ್ವಿ.

ಎರಡೂ ಡಿಸ್ಕ್‌ನಲ್ಲಿ ಕೆಲಸ ಆಗಿದ್ರೆ ಈ ದಾರಿ ಹಿಡೀಬಾರದು, ಒಂದು ಕಡೆಯದ್ದು ಅಳಿಸಿಹೋಗುತ್ತೆ. ಆಗ ಎರಡರ ಟ್ಯಾಲಿ ಡೇಟಾ ಬೇರೆ ಬೇರೆ ತೆಗೆದಿಟ್ಟು, ಯಾವುದರಲ್ಲಿ ಹೆಚ್ಚು ಎಂಟ್ರಿ ಇದೆ ನೋಡಿ, ಉಳಿದದ್ದನ್ನ ಅದಕ್ಕೆ ಸೇರಿಸಬೇಕು. ಕಡಿಮೆ ಇದ್ರೆ ಕೈಯಲ್ಲೇ ಮತ್ತೆ ಹೊಡೆಯೋದು ವಾಸಿ.

ಕ್ಲೋನ್ ಮುಗಿದ ತಕ್ಷಣ ಲ್ಯಾಪ್‌ಟಾಪ್ ಆಫ್. ಹಾರ್ಡ್ ಡಿಸ್ಕ್ ಹೊರಗೆ. ಮೊದಲ ಬೂಟ್ ಹೊಸ ಡಿಸ್ಕ್ ಒಂದರಿಂದಲೇ. ನನ್ನ ಪ್ರಕಾರ ಇಡೀ ಕ್ಲೋನ್ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದು, ಅಂಗಡಿಗಳಲ್ಲಿ ಗಡಿಬಿಡೀಲಿ ಬಿಟ್ಟುಹೋಗೋದೂ ಇದೇ. ಅಂಗಡಿಗೆ ಕೊಟ್ಟಿದ್ರೆ ಅಲ್ಲೇ ನಿಂತು ಟಾಸ್ಕ್ ಮ್ಯಾನೇಜರ್ ತೆಗೆಸಿ ನೋಡಿ. ಸಿ ಡ್ರೈವ್ ಪಕ್ಕ ಎಸ್‌ಎಸ್‌ಡಿ ಅಂತ ಇರಬೇಕು, ಮಾಡೆಲ್ ನಂಬರ್ ಡಬ್ಬಿ ಮೇಲಿನದಕ್ಕೆ ಹೊಂದಬೇಕು. ಅರ್ಧ ನಿಮಿಷದ ಕೆಲಸ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ತಾಳೆ ನೋಡೋಕೆ ಟ್ಯಾಲಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ರಿಪೋರ್ಟ್ ಇದೆ, ಗೋ ಟು ಒತ್ತಿ ಹುಡುಕಿದ್ರೆ ಸಿಗುತ್ತೆ. ಎಷ್ಟು ಸೇಲ್ಸ್ ವೋಚರ್, ಎಷ್ಟು ಪರ್ಚೇಸ್, ಎಷ್ಟು ಲೆಡ್ಜರ್, ಎಲ್ಲದರ ಎಣಿಕೆ ಕೊಡುತ್ತೆ. ಕ್ಲೋನ್‌ಗೆ ಮೊದಲು ಒಂದು ಫೋಟೋ, ಆದ ಮೇಲೆ ಒಂದು ಫೋಟೋ, ಎರಡೂ ಒಂದೇ ಇರಬೇಕು. ಅಕ್ಕನದು ಒಂದೇ ಇತ್ತು. ಲೈಸೆನ್ಸ್ ಮತ್ತೆ ಆಕ್ಟಿವೇಟ್ ಮಾಡು ಅಂತ ಕೇಳಿದ್ರೆ ಗಾಬರಿ ಬೇಡ, ಡಿಸ್ಕ್ ಬದಲಾದಾಗ ಹಾಗೆ ಆಗಬಹುದು. ಆದ್ರೆ ಆ ಕೆಲಸವನ್ನ ಡ್ಯೂ ಡೇಟ್ ದಿನಕ್ಕೆ ಇಟ್ಕೋಬೇಡಿ. ಆಕ್ಟಿವೇಟ್ ಆಗದ ಟ್ಯಾಲಿ ಎಜುಕೇಷನಲ್ ಮೋಡ್‌ನಲ್ಲಿ ತೆರೆಯುತ್ತೆ, ಅದರಲ್ಲಿ ತಿಂಗಳ ಎಲ್ಲ ದಿನಕ್ಕೂ ಎಂಟ್ರಿ ಹಾಕೋಕೆ ಬಿಡಲ್ಲ.

ಸರಿ, ಈಗ ನಿಮ್ಮದು ಎಸ್‌ಎಸ್‌ಡಿಯಿಂದಲೇ ಎದ್ದೇಳ್ತಿದೆ, ಆದ್ರೂ ಸ್ಲೋ ಅಂದ್ಕೊಳ್ಳಿ. ಆಗ ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೂರು ಗ್ರಾಫ್ ನೋಡಿ. ಯಾವುದು ಮೇಲೆ ಹತ್ತಿ ಕೂತಿದೆಯೋ ಅದೇ ಕಳ್ಳ.

ಮೆಮೊರಿ 90 ಪರ್ಸೆಂಟ್ ಮೇಲಿದ್ರೆ ಡಿಸ್ಕನ್ನ ಬೈದು ಪ್ರಯೋಜನ ಇಲ್ಲ. 4 ಜಿಬಿ ರ್‍ಯಾಮ್‌ನಲ್ಲಿ ಕ್ರೋಮ್, ಟ್ಯಾಲಿ, ವಾಟ್ಸಾಪ್ ವೆಬ್ ಮೂರೂ ತೆರೆದ್ರೆ ರ್‍ಯಾಮ್ ತುಂಬಿ, ಉಳಿದದ್ದನ್ನ ವಿಂಡೋಸ್ ಡಿಸ್ಕ್‌ಗೆ ಎಸೆದು ಮತ್ತೆ ಮತ್ತೆ ಎತ್ಕೊಳ್ತಿರುತ್ತೆ. ಎಸ್‌ಎಸ್‌ಡಿ ಇದ್ರೆ ಆ ಎಸೆದಾಟ ಸ್ವಲ್ಪ ಬೇಗ ಆಗುತ್ತೆ ಅಷ್ಟೇ, ನಿಲ್ಲಲ್ಲ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ ಓಡೋಕೆ ಶುರುವಾದ ಮೇಲೆ ಎರಡನೇ ತೊಂದರೆಯಾಗಿ ಎದ್ದಿದ್ದು ಇದೇ. ಇನ್ನೊಂದು 4 ಜಿಬಿ ಹಾಕಿದ ಮೇಲೆಯೇ ಅವರು ಸುಮ್ನಾಗಿದ್ದು.

ಸಿಪಿಯು ಗ್ರಾಫ್ ಕೆಳಗೆ ಸ್ಪೀಡ್ ಅಂತ ಒಂದು ಅಂಕಿ ಇರುತ್ತೆ. ನೀವು ಏನೇ ತೆರೆದ್ರೂ ಅದು 0.8 ಗಿಗಾಹರ್ಟ್ಸ್ ಆಸುಪಾಸಲ್ಲೇ ಅಂಟ್ಕೊಂಡಿದ್ರೆ ಚಾರ್ಜರ್ ಮೇಲೆ ಅನುಮಾನ ಪಡಿ. ಕೆಲವು ಕಂಪನಿ ಲ್ಯಾಪ್‌ಟಾಪ್‌ಗಳು ತಮ್ಮ ಚಾರ್ಜರನ್ನ ಗುರುತು ಹಿಡೀತವೆ. ಡೂಪ್ಲಿಕೇಟ್ ಸಿಕ್ಕಿಸಿದ್ರೆ ಅಥವಾ ಪಿನ್ ಸವೆದಿದ್ರೆ ಪ್ರೊಸೆಸರನ್ನ ಬೇಕಂತಲೇ ನಿಧಾನ ಮಾಡ್ತವೆ. ಚಾರ್ಜರ್ ತೆಗೆದು ಬ್ಯಾಟರೀಲಿ ಓಡಿಸಿ ನೋಡಿ, ಆಗ ಫಾಸ್ಟ್ ಆದ್ರೆ ಉತ್ತರ ಸಿಕ್ಕಿತು. ಇನ್ನೊಂದು ಸಾಧ್ಯತೆ, ಎಸ್‌ಎಸ್‌ಡಿ ಹಾಕೋಕೆ ಮುಚ್ಚಳ ತೆಗೆದವರು ಫ್ಯಾನ್ ಕೇಬಲ್ ಸರಿಯಾಗಿ ಕೂರಿಸಿಲ್ಲದೆ ಇರೋದು. ಫ್ಯಾನ್ ಸದ್ದೇ ಇಲ್ಲ, ಅಡಿಭಾಗ ದೋಸೆ ಕಾವಲಿ ಥರ ಬಿಸಿ ಅಂದ್ರೆ ತಕ್ಷಣ ಆಫ್ ಮಾಡಿ.

ಡಿಸ್ಕ್ 100 ಪರ್ಸೆಂಟ್ ತೋರಿಸ್ತಾ, ಓದೋ-ಬರೆಯೋ ಸ್ಪೀಡ್ ಮಾತ್ರ ಒಂದೆರಡು ಎಂಬಿ ಇದ್ರೆ ಮಾತ್ರ ಡಿಸ್ಕ್ ವಿಚಾರಣೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಒಂದು ಗುಣ ಇದೆ. ಬರೆಯೋಕೆ ಸ್ವಲ್ಪ ಜಾಗವನ್ನ ಫಾಸ್ಟ್ ಆಗಿ ಬಳಸ್ತವೆ, ಅದು ತುಂಬಿದ ಮೇಲೆ ದಪ್ಪನೆ ನಿಧಾನ ಆಗ್ತವೆ. ಕ್ಲೋನ್ ಅಂದ್ರೆ ಒಂದೇ ಉಸಿರಿಗೆ ನೂರಾರು ಜಿಬಿ ತುರುಕೋದು. ಹಾಗಾಗಿ ಕ್ಲೋನ್ ಆದ ಮೊದಲ ಗಂಟೇಲಿ ನೋಡಿ ತೀರ್ಪು ಕೊಡಬೇಡಿ. ಆನ್ ಮಾಡಿ ಒಂದಷ್ಟು ಹೊತ್ತು ಸುಮ್ನೆ ಬಿಡಿ, ಅದು ತನ್ನ ಮನೆ ತಾನೇ ಜೋಡಿಸ್ಕೊಳ್ಳುತ್ತೆ. ಅದಕ್ಕೆ ಖಾಲಿ ಜಾಗವೂ ಬೇಕು. 1 ಟಿಬಿಯಲ್ಲಿ ಹರಡಿಕೊಂಡಿದ್ದನ್ನ 256 ಜಿಬಿಗೆ ಹಿಂಡಿ, 5 ಜಿಬಿ ಮಾತ್ರ ಉಳಿದಿದ್ರೆ ಎಂಥ ಎಸ್‌ಎಸ್‌ಡಿನೂ ಏದುಸಿರು ಬಿಡುತ್ತೆ. ನೂರಕ್ಕೆ 15-20ರಷ್ಟು ಖಾಲಿ ಇಡಿ. ಉಲ್ಟಾ ಕೇಸೂ ಉಂಟು: ಹೊಸ ಡಿಸ್ಕ್ ದೊಡ್ಡದು, ಆದ್ರೆ ಸಿ ಡ್ರೈವ್ ಹಳೇ ಅಳತೆಯಲ್ಲೇ ಉಳಿದು, ಮಿಕ್ಕಿದ್ದು ಅನ್‌ಅಲೊಕೇಟೆಡ್ ಅಂತ ಬಿದ್ದಿರುತ್ತೆ. ದುಡ್ಡು ಕೊಟ್ಟ ಜಾಗ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಟೆಂಡ್ ಮಾಡ್ಕೊಳ್ಳಿ.

ಸ್ಟಾರ್ಟ್‌ನಲ್ಲಿ ಡಿಫ್ರಾಗ್ಮೆಂಟ್ ಅಂತ ಟೈಪ್ ಮಾಡಿದ್ರೆ ಒಂದು ಕಿಟಕಿ ಬರುತ್ತೆ. ಅಲ್ಲಿ ಸಿ ಡ್ರೈವ್ ಎದುರಿಗೆ ಸಾಲಿಡ್ ಸ್ಟೇಟ್ ಡ್ರೈವ್ ಅಂತ ಇರಬೇಕು. ಕ್ಲೋನ್ ಆದ ಮೇಲೂ ಹಾರ್ಡ್ ಡಿಸ್ಕ್ ಡ್ರೈವ್ ಅಂತಲೇ ತೋರಿಸ್ತಿದ್ರೆ ವಿಂಡೋಸ್ ಅದಕ್ಕೆ ತಪ್ಪು ಔಷಧಿ ಕೊಡ್ತಿದೆ: ಎಸ್‌ಎಸ್‌ಡಿಗೆ ಬೇಕಾಗಿರೋದು ಟ್ರಿಮ್, ಅಂದ್ರೆ ಅಳಿಸಿದ ಜಾಗ ಯಾವುದು ಅಂತ ತಿಳಿಸೋ ಆಜ್ಞೆ. ಡಿಫ್ರಾಗ್ ಬೇಕಿಲ್ಲ. ಅಲ್ಲೇ ಆಪ್ಟಿಮೈಸ್ ಒತ್ತಿ ರೀಸ್ಟಾರ್ಟ್ ಮಾಡಿ ನೋಡಿ. ಸರಿಹೋಗದಿದ್ರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ವಿನ್‌ಸ್ಯಾಟ್ ಫಾರ್ಮಲ್ ಅನ್ನೋ ಕಮಾಂಡ್ ಓಡಿಸಿ.

ತುಂಬಾ ಹಳೇ ಲ್ಯಾಪ್‌ಟಾಪ್ ಆದ್ರೆ ಇನ್ನೆರಡು ವಿಷಯ. ಒಂದು, ಸಾಟಾ ಸ್ಪೀಡ್. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಟ್ರಾನ್ಸ್‌ಫರ್ ಮೋಡ್ ಅಂತ ತೋರಿಸುತ್ತೆ. ಸಾಟಾ 600 ಅಂದ್ರೆ ಪೂರ್ತಿ ಸ್ಪೀಡ್, 300 ಅಂದ್ರೆ ಅರ್ಧ. ಅರ್ಧ ಇದ್ರೂ ಹಾರ್ಡ್ ಡಿಸ್ಕ್‌ಗಿಂತ ಎಷ್ಟೋ ಮೇಲು, ಅದಕ್ಕಾಗಿ ತಲೆ ಕೆಡಿಸ್ಕೋಬೇಡಿ. ಎರಡು, ಅಲೈನ್‌ಮೆಂಟ್. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಡಿಸ್ಕ್‌ನ ಮೊದಲ ಭಾಗ 63ನೇ ಸೆಕ್ಟರಿಂದ ಶುರು ಆಗ್ತಿತ್ತು, ವಿಸ್ಟಾ ಬಂದ ಮೇಲೆ ಸರಿಯಾಗಿ 1 ಎಂಬಿಯಿಂದ. ಎಕ್ಸ್‌ಪಿ ಕಾಲದ ಡಿಸ್ಕನ್ನೇ ಕ್ಲೋನ್ ಮೇಲೆ ಕ್ಲೋನ್ ಮಾಡ್ಕೊಂಡು ಬಂದಿದ್ರೆ ಆ ಸೊಟ್ಟ ಹಾಗೇ ಉಳಿದಿರುತ್ತೆ, ಎಸ್‌ಎಸ್‌ಡಿ ಒಂದು ಸಲ ಮಾಡೋ ಕೆಲಸವನ್ನ ಎರಡು ಸಲ ಮಾಡ್ತಿರುತ್ತೆ. ಸಿಸ್ಟಮ್ ಇನ್ಫರ್ಮೇಷನ್ ತೆರೆದು, ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್ ಒಳಗೆ ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್ ನೋಡಿ, ಆ ಅಂಕಿಯನ್ನ 4096ರಿಂದ ಭಾಗಿಸಿ. 10,48,576 ಇದ್ರೆ ಸರಿಯಾಗಿ 256 ಬರುತ್ತೆ, ಓಕೆ. 32,256 ಇದ್ರೆ 7.875, ದಶಾಂಶ ಬಂತು ಅಂದ್ರೆ ಸೊಟ್ಟ. ಕಾಮರ್ಸ್ ಹುಡುಗರಿಗೆ ಇಷ್ಟ ಆಗೋ ಟೆಸ್ಟ್ ಇದು, ಕ್ಯಾಲ್ಕುಲೇಟರ್ ಸಾಕು.

ಅದೇ ಕ್ರಿಸ್ಟಲ್ ಡಿಸ್ಕ್ ಇನ್ಫೋನ ಹಳೇ ಡಿಸ್ಕ್ ಮೇಲೂ ಓಡಿಸಿ, ಆದಷ್ಟೂ ಕ್ಲೋನ್‌ಗೆ ಮೊದಲೇ. ಹಳದಿ ಕಾಷನ್ ತೋರಿಸಿದ್ರೆ ಆ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳಿರಬಹುದು. ನಿಮ್ಮ ಲ್ಯಾಪ್‌ಟಾಪ್ ಸ್ಲೋ ಆಗಿದ್ದಕ್ಕೆ ಅದೇ ಕಾರಣವೂ ಇರಬಹುದು, ಓದೋಕಾಗದ ಜಾಗವನ್ನ ಮತ್ತೆ ಮತ್ತೆ ಓದೋಕೆ ಒದ್ದಾಡ್ತಿರುತ್ತೆ. ಅಂಥದ್ದನ್ನ ಸ್ಟೋರೇಜ್‌ಗೆ ಅಂತ ಲ್ಯಾಪ್‌ಟಾಪ್ ಒಳಗೇ ಬಿಟ್ರೆ, ವಿಂಡೋಸ್ ಎಸ್‌ಎಸ್‌ಡಿಯಿಂದ ಓಡ್ತಿದ್ರೂ ಆಗಾಗ ಎಲ್ಲ ನಿಂತು ಕಾಯುತ್ತೆ. "ಎಸ್‌ಎಸ್‌ಡಿ ಹಾಕಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಹ್ಯಾಂಗ್" ಅನ್ನೋರು ಮೊದಲು ಹಳೇದನ್ನ ಹೊರಗೆ ತೆಗೆದು ಓಡಿಸಿ ನೋಡಿ.

ಹಾರ್ಡ್‌ವೇರ್ ಖರೀದಿಗೆ ಎಲ್ಲಿಗೆ ಹೋಗೋದು ಅಂತ ಕೇಳೋರಿಗೆ: ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದ್ರೆ ಎಸ್‌.ಪಿ. ರೋಡ್ ನಡೆದುಹೋಗೋ ದೂರ. ಬಿಲ್ ತಗೊಳ್ಳಿ, ವಾರಂಟಿ ಎಷ್ಟು ವರ್ಷ ಅಂತ ಕೇಳಿ. ಸಾಮಾನ್ಯವಾಗಿ 3 ಅಥವಾ 5 ಇರುತ್ತೆ. ಹಾಗೇ ಇನ್ನೊಂದು ಲೆಕ್ಕ ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಬೇಕಂದ್ರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ ಆದ್ರೂ ಇರಬೇಕು. ಅದಕ್ಕಿಂತ ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ, ರ್‍ಯಾಮ್, ಬ್ಯಾಟರಿ ಮೂರೂ ಹಾಕಿಸೋ ಮೊದಲು ಒಟ್ಟು ಎಷ್ಟಾಗುತ್ತೆ ಕೂಡಿ ನೋಡಿ.

ಕೊನೇದಾಗಿ ಹಳೇ ಡಿಸ್ಕ್. ಹೊರಗೆ ತೆಗೆದ ದಿನವೇ ಅದರ ಮೇಲೆ ತಾರೀಕು ಬರೆದು ಸ್ಟಿಕ್ಕರ್ ಅಂಟಿಸಿ ಬೀರುವಲ್ಲಿಡಿ. ಅಕ್ಕನಿಗೆ ಹೇಳಿದ್ದು, ಮುಂದಿನ ತಿಂಗಳ 20 ದಾಟೋವರೆಗೂ ಮುಟ್ಟಬೇಡಿ ಅಂತ. ಒಂದು ಪೂರ್ತಿ ರಿಟರ್ನ್ ಸುತ್ತು ಹೊಸ ಡಿಸ್ಕ್‌ನಲ್ಲಿ ಮುಗಿದ್ರೆ ಏನು ಬಿಟ್ಟುಹೋಗಿದೆ ಅಂತ ಗೊತ್ತಾಗಿರುತ್ತೆ. ಆಮೇಲೆ ಮಾರೋದು, ಗುಜರಿಗೆ ಹಾಕೋದು ಇದ್ರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಫೈಲುಗಳ ಪಟ್ಟಿಯನ್ನ ಮಾತ್ರ ಹರಿದುಹಾಕುತ್ತೆ. ಒಳಗೆ ಗಿರಾಕಿಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಹಾಗೇ ಕೂತಿರುತ್ತೆ. ಕ್ವಿಕ್ ಅನ್ನೋ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. 1 ಟಿಬಿಗೆ ಮೂರು ಗಂಟೆ ಆದ್ರೂ ಹಿಡಿಯುತ್ತೆ, ಹಿಡಿಯಲಿ.

10ನೇ ತಾರೀಕು ರಾತ್ರಿ ಅಕ್ಕ ಎಲ್ಲರ ಜಿಎಸ್‌ಟಿಆರ್-1 ಹಾಕಿ ಮುಗಿಸಿದ್ರು. ನಿಮ್ಮದು ಇನ್ನೂ ತೆವಳ್ತಿದ್ರೆ ಟಾಸ್ಕ್ ಮ್ಯಾನೇಜರ್‌ನ ಸ್ಕ್ರೀನ್‌ಶಾಟ್ ಕಳಿಸಿ, ಡಿಸ್ಕ್ ಮತ್ತು ಮೆಮೊರಿ ಎರಡೂ ಕಾಣೋ ಹಾಗೆ. ಹಿಂದೆ ಟ್ಯಾಲಿ ತೆರೆದಿದ್ರೆ ಮಾತ್ರ ದಯವಿಟ್ಟು ಮಿನಿಮೈಸ್ ಮಾಡಿ ತೆಗೀರಿ, ಹೋದ ಸಲ ಒಬ್ಬರು ಇಡೀ ಬ್ಯಾಲೆನ್ಸ್ ಶೀಟೇ ಕಳಿಸಿದ್ರು.